ಮಧುಗಿರಿ ಸೀಮೆಯ ನೀರು, ಅನ್ನ, ಆರೋಗ್ಯ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಉಪವಿಭಾಗವೆಂತಲೂ ಶೈಕ್ಷಣಿಕ ಜಿಲ್ಲೆಯೆಂತಲೂ ಒಂದೇ ಗುಂಪಾಗಿ ಎಣಿಸಲ್ಪಡುತ್ತವೆ. ಇವುಗಳಲ್ಲಿ ಮುಖ್ಯಸ್ಥಾನವಾದ ಮಧುಗಿರಿಗೆ ಹಿಂದೆ ಮದ್ದಗಿರಿ ಎಂಬ ಹೆಸರು ರೂಢಿಯಲ್ಲಿದ್ದಿತು. ಜೇನಿನ ಸಂಬಂಧದಿಂದ ಬಂದ ಹೆಸರಿದೆಂದು ಹೇಳುವುದುಂಟಾದರೂ, ಮದ್ದಗಿರಿ ಎಂದೊಡನೆ ಮದ್ದಿನ ನೆನಪಾಗುವುದು ಸಹಜವೇ ಸರಿ. ಕೊರಟಗೆರೆಯ ಸಿದ್ಧರಬೆಟ್ಟವಂತೂ ಗಿಡಮೂಲಿಕೆಗಳಿಗೆ ಪ್ರಸಿದ್ಧವಾದುದು. ಬೇರುನಾರುಗಳನ್ನು ಬಲ್ಲವರು ದೂರದೂರದಿಂದ ಅಲ್ಲಿಗೆ ಬರುವುದು ಇಂದಿಗೂ ನಡೆದಿದೆ. ಮದ್ದಿಗೆ ಇಷ್ಟು ಹೆಸರಾದ ಈ ಸೀಮೆಯಲ್ಲಿಯೇ, ಅದರಲ್ಲಿಯೂ ಪಾವಗಡದ ಹಳ್ಳಿಗಳಲ್ಲಿ, ಹಲ್ಲಿನ ಮೇಲೆ ಕಂದುಪಟ್ಟೆ ಬಿದ್ದ ಮಕ್ಕಳೂ, ಮುಪ್ಪು ಬರುವ ಮುನ್ನವೇ ಬೆನ್ನು ಸೆಟೆದು ಕೀಲುಗಳು ಬಿಗಿದು ಕೋಲೂರಿ ನಡೆಯುವ ಗಂಡಸರು ಹೆಂಗಸರೂ ಕಾಣಬರುತ್ತಾರೆ. ಈ ರೋಗವು ಬಲಿತ ಮೇಲೆ ಅದನ್ನು ನಿವಾರಿಸತಕ್ಕ ಮೂಲಿಕೆ ಸಿದ್ಧರಬೆಟ್ಟದಲ್ಲಿಲ್ಲ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿಯೂ ಇಲ್ಲ. ಅದು ಕುಡಿಯುವ ನೀರಿನಿಂದ ಬಂದುದು. ಆ ನೀರು ಆ ಊರಿಗೆ ಬಂದದ್ದಾದರೋ ಒಂದು ರಾಜ್ಯನೀತಿಯ ಫಲವಾಗಿ, ಅದೂ ಒಳ್ಳೆಯ ಉದ್ದೇಶದ ನೀತಿಯ ಫಲವಾಗಿ. ಈ ಸಂಗತಿಯ ಚರಿತ್ರೆಯನ್ನು ತಿಳಿಯುವುದು ಅವಶ್ಯಕವಾದುದು.

ಜನರ ಆರೋಗ್ಯಕ್ಕೆ ವೈದ್ಯನಿಗಿಂತ ಮುಂಚೆ ಹೊಣೆಗಾರರಾದವರು ಬೇರೆ ಇದ್ದಾರೆಂಬುದು ಈ ದೇಶಕ್ಕೆ ಹೊಸ ಮಾತಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಷಯವನ್ನು ಕುರಿತು ಒಂದು ಅಧ್ಯಾಯವೇ ಇರುವುದು. ಪಾಂಚಾಲದೇಶದ ಕಾಂಪಿಲ್ಯದಲ್ಲಿ, ಗಂಗೆಯ ದಡದಲ್ಲಿ, ಆತ್ರೇಯ ಪುನರ್ವಸುವು ಶಿಷ್ಯನಾದ ಅಗ್ನಿವೇಶನಿಗೆ ಇದನ್ನು ಉಪದೇಶಿಸಿದನೆಂದು ಅಲ್ಲಿ ಹೇಳಿದೆ. ಒಬ್ಬೊಬ್ಬನ ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆಯಾಗಿರಲು ಒಂದೇ ರೋಗವು ಊರಿಗೆ ಊರನ್ನೇ ಹೇಗೆ ಹಿಡಿಯುವುದೆಂಬುದು ಶಿಷ್ಯನ ಪ್ರಶ್ನೆ. ವಾಯು, ಉದಕ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದವುಗಳು. ಅವು ಕೆಟ್ಟರೆ ಎಲ್ಲರೂ ಕೆಡುವರೆಂಬುದು ಗುರುವಿನ ಉತ್ತರ. ಅವು ಕೆಡುವುದಕ್ಕೆ ಮೂಲವೇನೆಂದರೆ ಅಧರ್ಮ, ಅದೂ ನಾಡುನಗರಗಳ ಮುಖ್ಯಸ್ಥರಿಂದ ಮೊದಲಾದ ಅಧರ್ಮವೆಂದು ಮುಂದೆ ವಿವರಿಸಲಾಗಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಆರೋಗ್ಯಕರವಾದ ದೇಶಗಳಲ್ಲೆಲ್ಲ ಮರುಭೂಮಿಯೇ ಶ್ರೇಷ್ಠವೆಂಬ ಮಾತೂ ಉಂಟು. ಜಾಂಗಲಲಕ್ಷಣದ ಈ ನಾಲ್ಕು ತಾಲ್ಲೂಕುಗಳು ಆ ನ್ಯಾಯದಂತೆ ನಿರೋಗವಾಗಿರಬೇಕಾಗಿದ್ದಿತು. ಹಾಗೆ ಆಗದಿರುವುದಕ್ಕೆ ಕಾರಣವನ್ನು ಭೂಮಿಯಲ್ಲಿ ಮಾತ್ರ ಹುಡುಕಿದರೆ ಸಾಲದು.

ಪಾಶ್ಚಾತ್ಯ ದೇಶಗಳಲ್ಲಿ ಈ ವಿಚಾರಕ್ಕೆ ಪ್ರಸಿದ್ಧಿ ಬಂದದ್ದು 19ನೆಯ ಶತಮಾನದಲ್ಲಿ. 1848ರಲ್ಲಿ ಪ್ರಷ್ಯದ ಸರ್ಕಾರದವರು ಮೇಲಿನ ಸೈಲೀಸಿಯ ಪ್ರಾಂತ್ಯದ ಟೈಫಸ್ ಜ್ವರವನ್ನು ಪರೀಕ್ಷಿಸಿ ಬರುವಂತೆ ರುಡಾಲ್ಫ್ ವಿರ್ಖೋ ಎಂಬ ತರುಣ ವೈದ್ಯನನ್ನು ಕಳುಹಿಸಿದರು. ಅವನು ಹಿಂದಿರುಗಿ ಸೂಚಿಸಿದ್ದು ಔಷಧಗಳನ್ನಲ್ಲ. ವಿದ್ಯಾಭ್ಯಾಸ, ಸ್ವಾತಂತ್ರ್ಯ, ಹೊಟ್ಟೆಗೆ ಸಾಕಾಗುವಷ್ಟು ಸಂಪಾದನೆ, ಇವನ್ನು. ಸರ್ಕಾರಕ್ಕೆ ಅದು ರುಚಿಸಲಿಲ್ಲ. ಆ ವಿಚಾರವೇ ಬೆಳೆಯುತ್ತ ಬೆಳೆಯುತ್ತ, ವಿಶ್ವ ಆರೋಗ್ಯ ಸಂಸ್ಥೆಯವರು 2005ರಲ್ಲಿ ನೇಮಿಸಿದ ಆಯೋಗವು 2008ರಲ್ಲಿ ಸಲ್ಲಿಸಿದ ವರದಿಯಲ್ಲಿ ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಯಿತು. ಹುಟ್ಟು, ಬೆಳವಣಿಗೆ, ದುಡಿಮೆ, ವಾಸಸ್ಥಳ, ಮುಪ್ಪು ಇವು ಎಂಥವೋ ಆರೋಗ್ಯವೂ ಅಂಥದೇ ಎಂಬುದು ಅದರ ತಾತ್ಪರ್ಯ.

ಮಧುಗಿರಿ ಸೀಮೆಯಲ್ಲಿ ಈ ನಿರ್ಧಾರಕಗಳಲ್ಲಿ ಮೊದಲನೆಯದು ಕೆರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಸೇರುವುದು. ಆ ಪಿನಾಕಿನಿಯೇ ಪಾವಗಡದ ನಾಗಲಮಡಿಕೆಯ ಬಳಿ ಹರಿಯುವುದು. ನದಿಗಳೆಂಬ ಹೆಸರಿದ್ದರೂ ಇವು ಮಳೆಗಾಲದ ಕೆಲವು ದಿನಗಳು ಮಾತ್ರ ಹರಿಯುವಂಥವು. ಆದಕಾರಣ ಪೂರ್ವಿಕರು ಹರಿಯುವ ನೀರನ್ನು ನಂಬದೆ ನಿಲ್ಲುವ ನೀರನ್ನು ನಂಬಿದರು. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರದು ಮತ್ತೂ ಕೆಳಗಿನದಕ್ಕೆ, ಹೀಗೆ ಸರಪಳಿಯಂತೆ ಕೆರೆಗಳು ಕಟ್ಟಲ್ಪಟ್ಟವು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯು, ಈ ದೇಶದಲ್ಲಿ ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕುವುದೇ ಕಷ್ಟವೆಂಬ ಅಭಿಪ್ರಾಯವನ್ನು ಕೊಟ್ಟಿರುವನು. ಕನ್ನಡದ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ದತ್ತಿಗಳು ಕೆರೆಯನ್ನು ಕಟ್ಟುವುದಕ್ಕೂ ಕಟ್ಟಿದ್ದನ್ನು ಉಳಿಸುವುದಕ್ಕೂ ಬಿಟ್ಟ ಭೂಮಿಗಳು. ಏರಿಯ ಕಲ್ಲು ಜಾರಿದರೆ ಕೂರಿಸುವವರು ಯಾರು, ಹೂಳು ತೆಗೆಯುವವರು ಯಾರು, ಅದಕ್ಕೆ ಕೂಲಿ ಎಲ್ಲಿಂದ, ಎಂಬುದಕ್ಕೆ ಆ ಕಾಲದವರು ಬರೆದಿಟ್ಟ ಉತ್ತರಗಳಿವು. ತೂಬನ್ನು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ.

ಈ ವ್ಯವಸ್ಥೆಯನ್ನು ಕೇವಲ ಹೊಗಳಿ ಬಿಡುವುದು ಚರಿತ್ರಕಾರನ ಧರ್ಮವಲ್ಲ. ನೀರುಗಂಟಿಗಳು ಬಹುಮಟ್ಟಿಗೆ ಅಸ್ಪೃಶ್ಯರೆನಿಸಿಕೊಂಡ ಜಾತಿಯವರು. ಊರಿನ ಗದ್ದೆಗಳಿಗೆಲ್ಲ ನೀರು ಕೊಟ್ಟು ಬಂದವನು ತನ್ನ ಬಾಯಾರಿಕೆಗೆ ಊರ ಬಾವಿಯಲ್ಲಿ ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ದರೆ ಉಂಟು, ಇಲ್ಲದಿದ್ದರೆ ಹಳ್ಳದ ಒರತೆಯೇ ಗತಿ. ಒಂದೇ ಊರಿನಲ್ಲಿ ಎರಡು ನೀರು ಇದ್ದ ಮೇಲೆ ಎರಡು ಆರೋಗ್ಯವೂ ಇದ್ದೇ ಇರಬೇಕು. ವಾಂತಿಭೇದಿಯು ಊರಿಗೆ ಬಂದಾಗ ಯಾವ ಕೇರಿಯನ್ನು ಮೊದಲು ಹಿಡಿಯುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಧಾತು, ಈಶ್ವರ ಸಂವತ್ಸರಗಳ ಕ್ಷಾಮವು, ಅಂದರೆ 1876ರಿಂದ 1878ರ ವರೆಗಿನದು, ಈ ಸೀಮೆಯ ನೆನಪಿನಲ್ಲಿ ಬಹುಕಾಲ ಉಳಿಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹಸಿವಿನಿಂದಲೇ ಸತ್ತವರೆಷ್ಟು, ಹಸಿವಿನಿಂದ ಸೊರಗಿದ ಮೇಲೆ ಜ್ವರ, ಭೇದಿ, ಸಿಡುಬುಗಳಿಂದ ಸತ್ತವರೆಷ್ಟು ಎಂದು ಬೇರೆಮಾಡಿ ಹೇಳುವುದು ಸಾಧ್ಯವಿಲ್ಲ, ಬೇರೆಮಾಡುವುದೂ ತಪ್ಪೇ. ಆ ಕಾಲದಲ್ಲಿ ಪಕ್ಕದ ಮದರಾಸಿನಲ್ಲಿ ನಡೆದ ಒಂದು ವಾದವು ಇಲ್ಲಿ ಸ್ಮರಣೀಯವಾದುದು. ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಅಷ್ಟರಲ್ಲಿ ದುಡಿಯುವ ದೇಹವು ನಿಲ್ಲದೆಂದು ಅಲ್ಲಿನ ನೈರ್ಮಲ್ಯ ಕಮಿಷನರಾದ ಕಾರ್ನಿಷ್ ಎಂಬ ವೈದ್ಯನು ಬಹಿರಂಗವಾಗಿಯೇ ಪ್ರತಿಭಟಿಸಿದನು. ಕೂಲಿಯ ದರವನ್ನು ನಿಷ್ಕರ್ಷಿಸುವಾಗ ಖಜಾನೆಯವರ ಮಾತಿನಂತೆಯೇ ವೈದ್ಯರ ಮಾತಿಗೂ ಸ್ಥಾನವಿರಬೇಕೆಂಬುದು ಆಗ ಎದ್ದ ಪ್ರಶ್ನೆ. 1880ರ ಕ್ಷಾಮ ಆಯೋಗದ ವರದಿಯೂ ಅನಂತರದ ಕ್ಷಾಮ ನಿಬಂಧನೆಗಳೂ ಇಂಥ ಅನುಭವಗಳ ಫಲವೇ ಆಗಿವೆ.

ಕ್ಷಾಮವಾದ ಮೇಲೆ ಕೆರೆಗಳ ವಿಷಯದಲ್ಲಿ ಸಂಸ್ಥಾನದವರು ಸುಮ್ಮನಿರಲಿಲ್ಲ. ಆದರೆ 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಡಂಬಡಿಕೆಯ ಪ್ರಕಾರ, ವೇದಾವತಿ, ಉತ್ತರ ಪಿನಾಕಿನಿ ಮುಂತಾದ ನದಿಗಳ ಪ್ರದೇಶದಲ್ಲಿ ಮೈಸೂರಿನವರು ಹೊಸ ನೀರಾವರಿ ಕೆಲಸಗಳನ್ನು ಮಾಡಬೇಕಾದರೆ ಮದರಾಸಿನ ಸಮ್ಮತಿ ಬೇಕಾಯಿತು. ಕೆಳಗಿನ ರೈತನ ಹಿತಕ್ಕಾಗಿ ಮಾಡಿದ ಈ ಕಟ್ಟು ಮೇಲಿನ ಒಣಸೀಮೆಗೆ ಬಿಗಿಯಾಗಿ ಬಿದ್ದಿತು. ಇದ್ದ ಕೆರೆಗಳನ್ನಾದರೂ ಉಳಿಸಬೇಕೆಂದು 1911ರಲ್ಲಿ ಕೆರೆ ಪಂಚಾಯತಿಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಗ್ರಾಮನೈರ್ಮಲ್ಯ ಯೋಜನೆಗಳೂ ನಡೆದವು. 1929ರ ತರುವಾಯ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಸಂಸ್ಥಾನದ ಆರೋಗ್ಯ ಇಲಾಖೆಯು ಹೊಸ ರೀತಿಯಲ್ಲಿ ರೂಪುಗೊಂಡು, ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಗ್ರಾಮಾಂತರ ಆರೋಗ್ಯಕೇಂದ್ರವು ಆರಂಭವಾಯಿತು. ಇಡೀ ಭಾರತದಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳನ್ನು ಸ್ಥಾಪಿಸಬೇಕೆಂದು ಭೋರ್ ಸಮಿತಿಯು 1946ರಲ್ಲಿ ಸಲಹೆ ಮಾಡುವುದಕ್ಕೆ ಮುಂಚೆಯೇ ಇದು ನಡೆಯಿತೆಂಬುದು ಮೈಸೂರಿಗೆ ಗೌರವದ ವಿಷಯ.

ಸ್ವಾತಂತ್ರ್ಯಾನಂತರ ಕೆರೆಯ ದೆಸೆ ಬೇರೆಯಾಯಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಶಾನುಭೋಗ, ಪಟೇಲರ ವಂಶಪಾರಂಪರ್ಯದ ಅಧಿಕಾರವು ಹೋದಂತೆ ತೋಟಿ, ತಳವಾರ, ನೀರುಗಂಟಿಗಳ ಚಾಕರಿಯೂ ಹೋಯಿತು. ಜಾತಿಯಿಂದ ಬಂದ ಬಿಟ್ಟಿಚಾಕರಿಯು ತೊಲಗಿದ್ದು ನ್ಯಾಯವೇ. ಅದನ್ನು ಆಕ್ಷೇಪಿಸುವವರು ಯಾರೂ ಇರಲಾರರು. ಆದರೆ ಆ ಕಾಯಿದೆಯನ್ನು ಮಾಡಿದವರು, ನಾಳೆ ಮಳೆ ಬಂದಾಗ ತೂಬಿನ ಬಳಿ ಕೂಲಿ ಪಡೆದು ನಿಲ್ಲತಕ್ಕವರು ಯಾರೆಂಬುದನ್ನು ಊರೂರಿಗೂ ಗೊತ್ತುಮಾಡಲಿಲ್ಲ. ಕೆರೆಯು ಊರಿನದಾಗಿದ್ದುದು ಇಲಾಖೆಯದಾಯಿತು. ಹೂಳು ತುಂಬಿತು, ಅಂಗಳದಲ್ಲಿ ಜಾಲಿ ಬೆಳೆಯಿತು, ನೀರು ಬರುವ ಕಾಲುವೆಗಳನ್ನು ಅಕ್ಕಪಕ್ಕದವರು ಉತ್ತು ಹೊಲ ಮಾಡಿಕೊಂಡರು.

ಇದೇ ಕಾಲದಲ್ಲಿ ಕುಡಿಯುವ ನೀರಿನ ವಿಷಯದಲ್ಲಿ ಮತ್ತೊಂದು ಪ್ರಯತ್ನವು ನಡೆಯುತ್ತಿದ್ದಿತು. ಕರ್ನಾಟಕದ ಬಯಲುಸೀಮೆಯಲ್ಲಿ ನಾರುಹುಣ್ಣು ಎಂಬ ಘೋರವಾದ ವ್ಯಾಧಿಯಿದ್ದಿತು. ಮೆಟ್ಟಿಲು ಬಾವಿಯಲ್ಲಿ ಇಳಿದು ಕಾಲಿಟ್ಟು ನೀರು ತುಂಬುವವರ ಹುಣ್ಣಿನಿಂದ ಹೊರಬಿದ್ದ ಮರಿಗಳು ನೀರಿನಲ್ಲಿರುವ ಅತಿಸೂಕ್ಷ್ಮವಾದ ಹುಳುಗಳ ಒಡಲನ್ನು ಸೇರಿ, ಆ ನೀರನ್ನು ಕುಡಿದವರ ದೇಹದಲ್ಲಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಮೊಳದುದ್ದದ ನಾರಿನಂತೆ ಕಾಲಿನಿಂದ ಹೊರಬರುತ್ತಿದ್ದವು. ರೋಗಿಯು ಬಿತ್ತನೆಯ ಕಾಲದಲ್ಲಿಯೇ ಹಾಸಿಗೆ ಹಿಡಿಯುವನು. ಆ ವರ್ಷದ ಬೆಳೆಯು ಹೋದಂತೆಯೇ. ಇದಕ್ಕೂ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಕೊಳವೆ ಬಾವಿ ತೋಡಿ ಕೈಪಂಪು ಹಾಕುವುದು, ಇಷ್ಟೇ ಉಪಾಯ. 1966-67ರ ಬರದ ನಂತರ ಯೂನಿಸೆಫ್ ಸಂಸ್ಥೆಯವರು ಗಟ್ಟಿಬಂಡೆಯನ್ನು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದುಕೊಟ್ಟರು. 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಎಂಬ ಗಟ್ಟಿಮುಟ್ಟಾದ ಕೈಪಂಪು ಸಿದ್ಧವಾಯಿತು. ನಾರುಹುಣ್ಣಿನ ರಾಷ್ಟ್ರೀಯ ನಿರ್ಮೂಲನ ಕಾರ್ಯವು 1983-84ರಲ್ಲಿ ಮೊದಲಾಯಿತು. 1996ರಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಕೊನೆಯವನು. 2000ನೆಯ ಇಸವಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಘೋಷಿಸಿದರು. ಒಂದು ಮಾತ್ರೆಯನ್ನೂ ಕೊಡದೆ, ಬಾವಿಯ ರೂಪವನ್ನು ಬದಲಿಸಿ, ಒಂದು ರೋಗವನ್ನು ದೇಶದಿಂದ ಓಡಿಸಿದ ಈ ಕೆಲಸಕ್ಕೆ ಸಮನಾದುದು ಅಪರೂಪ.

ಆದರೆ ಕೊಳವೆ ಬಾವಿಯು ಕುಡಿಯುವ ನೀರಿಗೆ ಮಾತ್ರ ನಿಲ್ಲಲಿಲ್ಲ. ವಿದ್ಯುತ್ತು ಬಂದ ಮೇಲೆ ರೈತರೂ ತೋಡಿದರು. ಕೆರೆಯಲ್ಲಿ ನೀರಿಲ್ಲದ್ದರಿಂದ ತೋಡಿದರು, ತೋಡಿದ್ದರಿಂದ ಕೆರೆಯನ್ನು ಮರೆತರು. ಮೊದಲು ನೂರಿನ್ನೂರು ಅಡಿಗಳಲ್ಲಿ ದೊರೆಯುತ್ತಿದ್ದ ನೀರು ಕಾಲಕ್ರಮದಲ್ಲಿ ಸಾವಿರ ಅಡಿ ಕೊರೆದರೂ ದೊರೆಯದಂತಾಯಿತು. ಈ ಸೀಮೆಯ ಬಂಡೆಗಳಲ್ಲಿ ಫ್ಲೋರೈಡನ್ನು ಒಳಗೊಂಡ ಖನಿಜಗಳಿವೆ. ಬಿದ್ದ ಮಳೆ ಬೇಗ ಇಂಗಿ ಬೇಗ ಮೇಲೆ ಬಂದರೆ ನೀರಿಗೆ ಅದರ ಸೋಂಕು ಅಲ್ಪ; ಆಳದ ಬಿರುಕುಗಳಲ್ಲಿ ವರ್ಷಾನುವರ್ಷ ನಿಂತು, ಮೇಲಿನಿಂದ ಹೊಸ ನೀರು ಸೇರದೆ ಇದ್ದರೆ ಬಂಡೆಯ ಸಾರವು ನೀರಿಗೆ ಇಳಿಯುತ್ತ ಹೋಗುವುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಮ್ ಫ್ಲೋರೈಡ್ ಇರುವುದು ಸಮ್ಮತ, ಬೇರೆ ನೀರಿಲ್ಲದ ಕಡೆ 1.5ರ ವರೆಗೆ ಸಹ್ಯವೆಂಬುದು ಭಾರತೀಯ ಮಾನಕ. ಪಾವಗಡವೂ ಅದರ ಸುತ್ತಣ ಹಳ್ಳಿಗಳೂ ಈ ಎಲ್ಲೆಯನ್ನು ಮೀರಿದ ನೀರಿಗಾಗಿ ಕರ್ನಾಟಕದಲ್ಲಿ ಹೆಸರಾದವು.

ಈ ರೋಗವು ಆ ಕಡೆಗೆ ಅಪರಿಚಿತವಾಗಿತ್ತೆಂದೂ ಹೇಳುವಂತಿಲ್ಲ. ಮದರಾಸು ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯಲ್ಲಿ ಇದನ್ನು ಪರೀಕ್ಷಿಸಿ ಶಾರ್ಟ್ ಮತ್ತು ಅವನ ಸಹೋದ್ಯೋಗಿಗಳು 1937ರಲ್ಲಿಯೇ ಪ್ರಕಟಿಸಿದ್ದರು. ಅಂದರೆ, ಕೈಪಂಪುಗಳನ್ನು ನೆಡುವ ಕಾಲಕ್ಕೆ ಪಕ್ಕದ ತೆಲುಗುಸೀಮೆಯ ಅನುಭವವು ಮುದ್ರಿತವಾಗಿ ಸುಮಾರು ಮೂವತ್ತು ವರ್ಷಗಳಾಗಿದ್ದುವು. ಕ್ರಿಮಿಗಾಗಿ ನೀರನ್ನು ಪರೀಕ್ಷಿಸುವ ಕಣ್ಣು ಇದ್ದಿತು. ಕಲ್ಲಿಗಾಗಿ ಪರೀಕ್ಷಿಸುವ ಕಣ್ಣು ತಡವಾಗಿ ತೆರೆಯಿತು. ಫ್ಲೋರೋಸಿಸ್ ರೋಗದ ನಿವಾರಣೆಗೆಂದು ರಾಷ್ಟ್ರೀಯ ಕಾರ್ಯಕ್ರಮವು ಏರ್ಪಟ್ಟದ್ದು 2008-09ರಲ್ಲಿ.

ಹಲ್ಲಿನ ಕಲೆಯನ್ನು ಅಲ್ಪವೆಂದು ತಳ್ಳಿಹಾಕುವವರು ಹೆಣ್ಣುಮಕ್ಕಳ ತಾಯಿತಂದೆಗಳನ್ನು ವಿಚಾರಿಸಬೇಕು; ವರನ ಕಡೆಯವರು ನಗುವನ್ನು ನೋಡಿ ಊರಿನ ಹೆಸರನ್ನು ಕೇಳುವರು. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ ಕುಡಿದ ನೀರಿನ ಗುರುತು ಬಾಳಿನುದ್ದಕ್ಕೂ ಉಳಿಯುವುದು. ಎಲುಬಿನ ರೋಗವು ಅದಕ್ಕಿಂತ ಕ್ರೂರವಾದುದು, ಮತ್ತು ಬಡವರಲ್ಲಿ ಹೆಚ್ಚು. ಬಿಸಿಲಿನಲ್ಲಿ ಕೂಲಿ ಮಾಡುವವನು ಹೆಚ್ಚು ನೀರು ಕುಡಿಯುವನು. ಹಾಲು ಮೊಸರು ಅವನಿಗೆ ದುರ್ಲಭ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಕಷ್ಟಿಲ್ಲದ ದೇಹವನ್ನು ಫ್ಲೋರೈಡ್ ಬೇಗ ಹಿಡಿಯುವುದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ನಲ್ಗೊಂಡ ಜಿಲ್ಲೆಯಲ್ಲಿ ಮೊಳಕಾಲುಗಳು ಒಳಕ್ಕೆ ಬಾಗಿದ ಹುಡುಗರನ್ನು ಕಂಡು, ನೀರಿನೊಡನೆ ಆಹಾರವನ್ನೂ ವಿಚಾರಿಸಬೇಕೆಂದು ತೋರಿಸಿದರು. ಒಂದೇ ಬಾವಿಯ ನೀರು ಕುಡಿದರೂ ಉಂಡವನೊಂದು ರೀತಿ, ಉಣ್ಣದವನೊಂದು ರೀತಿ.

ಇಲ್ಲಿ ರಾಗಿಯ ವಿಚಾರವು ಬರುವುದು. ನೂರು ಗ್ರಾಮ್ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಕ್ಯಾಲ್ಸಿಯಂ ಇರುವುದು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 10. ಕೊರಟಗೆರೆ, ಮಧುಗಿರಿ, ಸಿರಾಗಳ ಹೊಲಗಳಲ್ಲಿ ತಾನಾಗಿ ಒಗ್ಗಿ ಬೆಳೆಯುತ್ತಿದ್ದ ಈ ಧಾನ್ಯವು ಇಲ್ಲಿಯ ನೀರಿಗೆ ತಕ್ಕ ಕವಚದಂತಿದ್ದಿತೆಂದರೆ ಅತಿಶಯೋಕ್ತಿಯಲ್ಲ. ಮಂಡ್ಯದ ವಿ.ಸಿ. ಫಾರಮಿನಲ್ಲಿ ಇಂಡಾಫ್ ತಳಿಗಳನ್ನು ಸಿದ್ಧಪಡಿಸಿದ ಲಕ್ಷ್ಮಣಯ್ಯನವರನ್ನು ಜನರು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದದ್ದು ಯೋಗ್ಯವಾಗಿದೆ. ಆದರೆ ಪಾವಗಡದ ಮಳೆಗೆ ಕಡಲೆಕಾಯಿಯು ಹಣದ ಬೆಳೆಯಾಗಿ ಬಂದು ಊಟದ ಬೆಳೆಗಳನ್ನು ಹಿಂದಕ್ಕೆ ತಳ್ಳಿತು. ನ್ಯಾಯಬೆಲೆ ಅಂಗಡಿಗಳಲ್ಲಿ ದೊರೆತದ್ದು ಅಕ್ಕಿ. ಅಕ್ಕಿಯನ್ನು ಅಗ್ಗವಾಗಿಯೂ, 2013ರ ಅನ್ನಭಾಗ್ಯದ ತರುವಾಯ ಬಹುಮಟ್ಟಿಗೆ ಧರ್ಮಾರ್ಥವಾಗಿಯೂ ಕೊಟ್ಟ ನೀತಿಯು ಹಸಿವನ್ನು ತಡೆಯಿತು. ಧಾತು ಈಶ್ವರದ ಕಥೆಯನ್ನು ಬಲ್ಲವರು ಇದನ್ನು ಲಘುವಾಗಿ ಎಣಿಸರು. ಆದರೂ, ಫ್ಲೋರೈಡಿನ ನೀರಿರುವ ತಾಲ್ಲೂಕಿಗೂ ಕಾಲುವೆಯ ನೀರಿರುವ ತಾಲ್ಲೂಕಿಗೂ ಒಂದೇ ಧಾನ್ಯವೆಂಬ ಏರ್ಪಾಡು ಆಹಾರ ಇಲಾಖೆಯ ಗೋದಾಮಿಗೆ ಅನುಕೂಲವೇ ಹೊರತು ಎಲುಬಿಗೆ ಅನುಕೂಲವಲ್ಲ. ಅನಂತರ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನೂ ಕೊಡುವ ವಾಡಿಕೆ ಬಂದದ್ದು ಸರಿಯಾದ ಹೆಜ್ಜೆ. 2013ರಲ್ಲಿ ಶಾಲಾಮಕ್ಕಳಿಗೆ ಹಾಲು ಕೊಡತೊಡಗಿದ ಕ್ಷೀರಭಾಗ್ಯವಂತೂ, ಅದನ್ನು ರೂಪಿಸಿದವರು ಎಣಿಸಿದ್ದರೋ ಇಲ್ಲವೋ, ಈ ಸೀಮೆಯ ಮಕ್ಕಳ ಹಲ್ಲುಎಲುಬುಗಳಿಗೆ ಎರಡು ಪಟ್ಟು ಬೆಲೆಯುಳ್ಳದ್ದು.

ಹುಣಿಸೆಯ ಮಾತೊಂದುಂಟು. ತುಮಕೂರಿನ ಮಾರುಕಟ್ಟೆಯು ಹುಣಿಸೆಗೆ ಹೆಸರಾದುದು. ಈ ತಾಲ್ಲೂಕುಗಳಲ್ಲಿ ಹುಣಿಸೆತೋಪಿಲ್ಲದ ಊರು ವಿರಳ. ಹುಣಿಸೆಯನ್ನು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಗುವುದೆಂದು ಪೋಷಣ ಸಂಸ್ಥೆಯವರು ಕಂಡು 2002ರಲ್ಲಿ ಪ್ರಕಟಿಸಿರುವರು. ಅಜ್ಜಿಯರ ಹುಳಿಸಾರನ್ನು ಇದರಿಂದ ದಿವ್ಯೌಷಧವೆಂದು ಸಾರಬೇಕಾಗಿಲ್ಲ. ಒಳ್ಳೆಯ ನೀರಿನ ಸ್ಥಾನವನ್ನು ಅದು ತುಂಬಲಾರದು. ಊಟವೂ ನೀರೂ ಒಂದೇ ಲೆಕ್ಕದ ಎರಡು ಪುಟಗಳೆಂಬುದಕ್ಕೆ ಇದೂ ಒಂದು ಸಾಕ್ಷಿ.

ಅನ್ನದ ಪ್ರಸಂಗದಲ್ಲಿ ಮಠಗಳ ದಾಸೋಹವನ್ನು ಬಿಡುವಂತಿಲ್ಲ. ಬರದ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಬಡಮಕ್ಕಳಿಗೆ, ಯಾವ ಜಾತಿಯವರೆಂದು ಕೇಳದೆ, ಅನ್ನ ವಿದ್ಯೆಗಳ ಆಶ್ರಯವಾದದ್ದು ಸಿದ್ಧಗಂಗೆ. 1941ರಿಂದ ಮಠಾಧಿಪತ್ಯವನ್ನು ವಹಿಸಿದ್ದ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು, 1907ರಲ್ಲಿ ಜನಿಸಿ 2019ರ ವರೆಗೆ ಬಾಳಿದವರು, ಸಾವಿರಾರು ವಿದ್ಯಾರ್ಥಿಗಳ ಊಟವನ್ನು ದಿನದ ಮೊದಲ ಕಾರ್ಯವಾಗಿ ನಡೆಯಿಸಿದರು. ಸರ್ಕಾರದವರು 2002ರಲ್ಲಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ಶರಣರ ಮಾತಿನಿಂದ ಎರವಲು ಪಡೆದದ್ದೇ. ಮಠದ ಪಂಕ್ತಿಗೆ ಬಂದ ಮಗುವಿಗೆ ಮಾತ್ರ ಅನ್ನ, ಬಾರದುದಕ್ಕೆ ಇಲ್ಲ. ಶಾಲೆಯ ಊಟವು ಎಲ್ಲ ಊರಿಗೂ ಹಕ್ಕಾಗಿ ಬಂದಿತು. ದಾನವು ತೋರಿದ ದಾರಿಯಲ್ಲಿ ಕಾಯಿದೆಯು ನಡೆದುಬಂದ ಉದಾಹರಣೆಯಿದು.

ಶರಣರ ಹೆಸರು ಬಂದುದರಿಂದ, ಹೇಳಲು ಕಷ್ಟವಾದ ಒಂದು ಸಂಗತಿಯನ್ನೂ ಹೇಳಲೇಬೇಕಾಗಿದೆ. ಸಿರಾ, ಮಧುಗಿರಿ, ಪಾವಗಡಗಳಲ್ಲಿ ಕಾಡುಗೊಲ್ಲರ ಹಟ್ಟಿಗಳು ಅನೇಕ. ಕುರಿದನಗಳನ್ನು ಕಾಯ್ದು ಬಾಳಿದ, ಸಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆಯಲ್ಲಿ ತಮ್ಮ ವೀರನನ್ನು ಆರಾಧಿಸುವ, ಕಾವ್ಯಸಂಪತ್ತುಳ್ಳ ಜನವಿದು. ಇವರಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿಯು ಉಳಿದುಕೊಂಡು ಬಂದಿತು. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ಮಳೆಚಳಿಯ ದಿನಗಳಲ್ಲಿ ತೀರಿಕೊಂಡಿತು. ಆಸ್ಪತ್ರೆಯಲ್ಲಿ ಕ್ಷೇಮವಾಗಿ ಹೆರಿಗೆಯಾಗುವಂತೆ ಮಾಡಿದ ವ್ಯವಸ್ಥೆಯು ಆಸ್ಪತ್ರೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ ಬರಲಿಲ್ಲ. ಇಂಥ ಹಟ್ಟಿಗಳ ಬಳಿ ಹೆಂಗಸರಿಗಾಗಿ ಭದ್ರವಾದ ಭವನಗಳನ್ನು ಸರ್ಕಾರದವರು ಕಟ್ಟಿಸಿಕೊಟ್ಟಿದ್ದುಂಟು. ಗುಡಿಸಲಿಗಿಂತ ಭವನ ಲೇಸು, ನಿಜ. ಆದರೆ ಹೊರಗಿಡುವುದಕ್ಕೆ ಸುಣ್ಣ ಬಳಿದ ಗೋಡೆಯನ್ನು ಕಟ್ಟಿಕೊಟ್ಟಂತೆಯೂ ಆಯಿತು. 2017ರಲ್ಲಿ ಆದ ಅಮಾನವೀಯ ದುಷ್ಟಪದ್ಧತಿಗಳ ನಿರ್ಮೂಲನ ಕಾಯಿದೆಯು ಈ ಬಗೆಯ ಬಹಿಷ್ಕಾರವನ್ನು ಅಪರಾಧವೆಂದು ಎಣಿಸಿದೆ. ಒಂದು ಕೈ ಕಟ್ಟಿದ್ದನ್ನು ಮತ್ತೊಂದು ಕೈ ನಿಷೇಧಿಸಿದಂತಾಯಿತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ 12ನೆಯ ಶತಮಾನದ ಶರಣರು ನಿರಾಕರಿಸಿದರು. ಹಾಗೆಂದು ಲಿಂಗವಂತರ ಮನೆಗಳಲ್ಲಿ ಈ ಸೂತಕಗಳು ಮೂಲೆ ಹಿಡಿದು ಕುಳಿತಿಲ್ಲವೆಂದು ಎದೆ ತಟ್ಟಿ ಹೇಳುವುದು ಸುಲಭವಲ್ಲ. ಆದುದರಿಂದ ಗೊಲ್ಲರ ಹಟ್ಟಿಯ ಕಡೆಗೆ ಬೆರಳು ತೋರುವ ಅಧಿಕಾರವೂ ಯಾರಿಗೂ ಸುಲಭವಾಗಿ ದೊರೆಯದು. ಹಟ್ಟಿಯಿಂದಲೇ ಓದಿ ಬಂದ ಹೆಣ್ಣುಮಕ್ಕಳು ಶಿಕ್ಷಕಿಯರೂ ದಾದಿಯರೂ ಆಗಿ ಹಿಂದಿರುಗುವುದರಿಂದ ಆಗತಕ್ಕ ಕೆಲಸವು ಹೊರಗಿನವರ ಉಪದೇಶದಿಂದ ಆಗದು.

ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿಯನ್ನು ಕೊಟ್ಟು, ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114ನ್ನು ಹಿಂದುಳಿದವೆಂದು ಎಣಿಸಿತು. ಪಾವಗಡ, ಸಿರಾ, ಮಧುಗಿರಿಗಳು ಅತ್ಯಂತ ಹಿಂದುಳಿದ 39ರಲ್ಲಿ ಸೇರಿದವು. ಆರೋಗ್ಯವನ್ನು ರಸ್ತೆ, ನೀರಾವರಿ, ಸಾಲದ ಸೌಕರ್ಯ, ವಿದ್ಯೆಗಳೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದು ಆ ವರದಿಯ ಹೆಚ್ಚಳ. ಅನಂತರ ಪಾವಗಡಕ್ಕೆ ಬಂದ ಭಾಗ್ಯವು ಬಿಸಿಲಿನ ರೂಪದಲ್ಲಿ ಬಂದಿತು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರವು 2019ರ ಹೊತ್ತಿಗೆ ಪೂರ್ಣವಾಯಿತು. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಗುತ್ತಿಗೆ ಕೊಟ್ಟದ್ದು ಬುದ್ಧಿವಂತಿಕೆಯ ಏರ್ಪಾಡು. ಬರದ ಭಯವಿಲ್ಲದ ಆದಾಯವು ರೈತನಿಗೆ ದೊರೆಯಿತು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಪತ್ರದಲ್ಲಿ ಹೆಸರಿಲ್ಲ. ನೀರುಗಂಟಿಯ ಕಥೆಯೇ ಬೇರೆ ರೂಪದಲ್ಲಿ ಮರಳಿತೆನ್ನಬಹುದು.

ನೀರಿನ ಪರಿಹಾರಕ್ಕಾಗಿ ಕೈಗೊಂಡ ಉಪಾಯಗಳು ಹಲವು. ಪಟಿಕವನ್ನೂ ಸುಣ್ಣವನ್ನೂ ಬೆರಸಿ ಫ್ಲೋರೈಡನ್ನು ತಳಕ್ಕಿಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ಸಂಸ್ಥೆಯವರು ಕಂಡುಹಿಡಿದರು. ದಿನದಿನವೂ ಅಳತೆ ತಪ್ಪದೆ ಬೆರಸುವ ಕೆಲಸವು ಹಳ್ಳಿಯ ಮನೆಗಳಲ್ಲಿ ಬಹುಕಾಲ ನಿಲ್ಲಲಿಲ್ಲ. ಈಗ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುವುದು. ಅವು ಕೆಟ್ಟು ನಿಂತ ದಿನ ಬಡವರು ಹಳೆಯ ಕೊಳವೆ ಬಾವಿಗೇ ಮರಳುವರು; ಇದ್ದ ದಿನವೂ ಅಡಿಗೆಗೆ ಆ ಹಳೆಯ ನೀರನ್ನೇ ಬಳಸುವ ಮನೆಗಳಲ್ಲಿ, ಬಾಯಿಯಲ್ಲಿ ತಡೆದ ಫ್ಲೋರೈಡ್ ಬೇಳೆಯೊಡನೆ ಬೆಂದು ತಟ್ಟೆಗೆ ಬರುವುದು. 2019ರಲ್ಲಿ ಮೊದಲಾದ ಜಲಜೀವನ ಕಾರ್ಯವು ತಲೆಗೆ ದಿನಕ್ಕೆ 55 ಲೀಟರು ನೀರನ್ನು ಮನೆಯ ನಲ್ಲಿಗೇ ತರಬೇಕೆಂದು ಸಂಕಲ್ಪಿಸಿತು. ನಲ್ಲಿಯ ಲೆಕ್ಕವು ಸುಲಭ. ಆ ನಲ್ಲಿಯ ಹಿಂದಿರುವ ಮೂಲ ಯಾವುದೆಂಬುದೇ ಪಾವಗಡದ ಪ್ರಶ್ನೆ. ಅದಕ್ಕಾಗಿಯೇ ತುಂಗಭದ್ರಾ ಜಲಾಶಯದ ಹಿನ್ನೀರನ್ನು ಪಾವಗಡಕ್ಕೂ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರುಗಳಿಗೂ ತರುವ ಯೋಜನೆಯು ಕೈಗೊಳ್ಳಲ್ಪಟ್ಟಿತು. ಎತ್ತಿನಹೊಳೆಯ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಚಾಲನೆಗೊಂಡಿತು. ಅದರ ನೀರಿನ ಹಾದಿಯಲ್ಲಿ ಕೊರಟಗೆರೆ, ಮಧುಗಿರಿಗಳ ಕೆರೆಗಳೂ ಇವೆ.

ಸಿರಾ ತಾಲ್ಲೂಕಿಗೆ ಹೇಮಾವತಿಯು ಇವುಗಳಿಗಿಂತ ಮೊದಲೇ ಬಂದು ಕಳ್ಳಂಬೆಳ್ಳದ ಕೆರೆಗೂ ಸಿರಾದ ಕೆರೆಗೂ ಸೇರಿದಳು. ಅಲ್ಲಿಂದ ಮುಂದಿನ ಮದಲೂರು ಕೆರೆಗೆ ನೀರು ಬರಬೇಕೆಂಬುದು 2020ರ ಉಪಚುನಾವಣೆಯಲ್ಲಿ ಎಲ್ಲ ಪಕ್ಷದವರ ಬಾಯಲ್ಲಿಯೂ ಇದ್ದ ಮಾತು. ಆಸ್ಪತ್ರೆಯ ವಿಷಯವಾಗಿ ಅಷ್ಟು ಮಾತು ಅಲ್ಲಿ ಕೇಳಿಬರಲಿಲ್ಲ. ತಮ್ಮ ಕ್ಷೇಮವು ಎಲ್ಲಿದೆಯೆಂಬುದನ್ನು ಜನರು ಬಲ್ಲರು. ಕೆರೆ ತುಂಬಿದರೆ ಸುತ್ತಣ ತೋಡುಬಾವಿಗಳ ನೀರು ಏರುವುದು, ಆಳದ ಕಟುನೀರು ತಿಳಿಯಾಗುವುದು. ಆದರೆ ಕೆರೆ ಒಂದು ಇಲಾಖೆಯದು, ನಲ್ಲಿ ಮತ್ತೊಂದರದು, ರೇಷನ್ನು ಮೂರನೆಯದರದು, ಮಕ್ಕಳ ಹಲ್ಲನ್ನು ನೋಡಿ ಬರೆದುಕೊಳ್ಳುವುದು ನಾಲ್ಕನೆಯದರದು. ನಾಲ್ಕೂ ಒಂದು ಊರಿನ ಚಾವಡಿಯಲ್ಲಿ ಒಟ್ಟಿಗೆ ಕುಳಿತದ್ದು ಅಪರೂಪ. ಕೆರೆ ತುಂಬಿದ ವರ್ಷ ಮುತ್ತೈದೆಯರು ಏರಿಯ ಮೇಲೆ ನೆರೆದು ಬಾಗಿನವನ್ನು ಅರ್ಪಿಸುವ ಪದ್ಧತಿಯು ಈ ಸೀಮೆಯಲ್ಲಿ ಉಳಿದಿದೆ. ಏರಿಯಿಂದ ಇಳಿದು ಬರುವಾಗ ಅದೇ ಹೆಂಗಸರು ನೀರಿನ ಘಟಕದ ಮುಂದೆ ತಮ್ಮ ಕ್ಯಾನುಗಳನ್ನು ಸಾಲಿನಲ್ಲಿ ಇಟ್ಟು ಕಾಯುವರು.